ಶುಂಠಿ ಬಿಯರ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಶುಂಠಿ ಬಿಯರ್ ಅಂದರೆ ಶುಂಠಿ, ಬೆಲ್ಲದ ನೀರನ್ನು ಹುದುಗಿಸಿ ಮನೆಯಲ್ಲೇ ಮಾಡುವ ಗ್ಯಾಸಿನ ಪಾನೀಯ. ಮೈಸೂರು, ಮಂಡ್ಯ ಕಡೆ ಇರುವವರು ಅದರ ಸಾಮಾನಿಗೆ ಅಲೆಯಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಶುಂಠಿ ಬೆಳೆಯುತ್ತಾರೆ, ಬೆಲ್ಲಕ್ಕಂತೂ ಮಂಡ್ಯವೇ ಇದೆ. ಆದರೂ ಕೈಕೊಡುತ್ತದೆ. ಗುಳ್ಳೆ ಬರುವುದಿಲ್ಲ, ಮೇಲೆ ಏನೋ ಪದರ ಕಟ್ಟುತ್ತದೆ, ಇಲ್ಲಾ ಬಾಟಲಿ ಉಬ್ಬಿಕೊಂಡು ಕೂತಿರುತ್ತದೆ. ಆಗ ಎಲ್ಲರೂ ಮೊದಲು ಅಳತೆ ಬದಲಾಯಿಸಲು ಹೊರಡುತ್ತಾರೆ. ಅಳತೆಯಲ್ಲಿ ತಪ್ಪಿರುವುದು ಕಡಿಮೆ. ನೀರು, ಬೆಲ್ಲ, ಶುಂಠಿಯ ಸಿಪ್ಪೆ, ಅಡುಗೆಮನೆಯ ಸೆಕೆ, ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು ಕಾರಣ ಅಡಗಿರುತ್ತದೆ. ಅದನ್ನು ದುಡ್ಡು ಖರ್ಚಿಲ್ಲದೆ ಕಂಡುಹಿಡಿಯಬಹುದು.

ಕೆಳಗೆ ಹೇಳುವುದೆಲ್ಲ ಈ ಅಳತೆಗೆ. ಪಾನೀಯ ಹುದುಗಿಸಲು ಮೊದಲು ಒಂದು ಜಾಡಿಯಲ್ಲಿ ಹೆಪ್ಪು ಮಾಡಿಕೊಳ್ಳಬೇಕು. ಹೆಪ್ಪಿಗೆ ಅರ್ಧ ಲೀಟರ್ ನೀರು, ಅದಕ್ಕೆ ದಿನಾ ಒಂದು ದೊಡ್ಡ ಚಮಚ ಸಿಪ್ಪೆ ಸಮೇತ ತುರಿದ ಶುಂಠಿ, ಒಂದು ದೊಡ್ಡ ಚಮಚ ಬೆಲ್ಲ. ನಾಲ್ಕೈದು ದಿನದಲ್ಲಿ ಹೆಪ್ಪು ಏಳುತ್ತದೆ. ಪಾನೀಯಕ್ಕೆ ಲೀಟರ್ ನೀರಿಗೆ 90 ಗ್ರಾಂ ಬೆಲ್ಲ, 50 ಗ್ರಾಂ ಶುಂಠಿ ಹಾಕಿ ಕುದಿಸಿ, ಪೂರ್ತಿ ಆರಿಸಿ, ಸೋಸಿ, ಒಂದು ನಿಂಬೆಹಣ್ಣು ಹಿಂಡಿ, 60 ಎಂ.ಎಲ್. ಹೆಪ್ಪಿನ ನೀರು ಬೆರೆಸಿ ನೇರವಾಗಿ ಪ್ಲಾಸ್ಟಿಕ್ ಸೋಡಾ ಬಾಟಲಿಗೆ ತುಂಬುವುದು. ಒಂದೆರಡು ದಿನ ಹೊರಗೆ, ಆಮೇಲೆ ಫ್ರಿಜ್.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಹಾಗಾಗಿ ಇಲ್ಲಿ ಮಾತಾಡುತ್ತಿರುವುದು ಹೆಸರಲ್ಲಿ ಮಾತ್ರ ಬಿಯರ್ ಇರುವ, ತೆಳು ಗ್ಯಾಸಿನ ಶುಂಠಿ ಪಾನೀಯದ ಬಗ್ಗೆ. ಅದನ್ನು ಅಮಲೇರದ ಮಟ್ಟದಲ್ಲೇ ನಿಲ್ಲಿಸುವುದು ಹೇಗೆ ಅಂತ ಮುಂದೆ ಬರುತ್ತದೆ. ಆ ಭಾಗವನ್ನು ಬಿಟ್ಟು ಓದಬೇಡಿ.

ಹೆಪ್ಪಿನಲ್ಲಿ ಗುಳ್ಳೆಯೇ ಕಾಣುತ್ತಿಲ್ಲ

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು ಇದು. ಮೊದಲು ಜಾಡಿಯ ಹತ್ತಿರ ಕಿವಿ ಇಟ್ಟು ಒಂದು ಸಲ ಚಮಚದಿಂದ ಕಲಕಿ. ಮೇಲೆ ತೇಲುತ್ತಿರುವ ಶುಂಠಿ ತುರಿಯ ಕೆಳಗೆ ಗ್ಯಾಸ್ ಸಿಕ್ಕಿಕೊಂಡಿದ್ದರೆ ಕಲಕಿದ ತಕ್ಷಣ ಸಣ್ಣದಾಗಿ ಚುರ್ರ್ ಅನ್ನುತ್ತದೆ, ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಬಂದು ನಿಲ್ಲುತ್ತವೆ. ಹಾಗಾದರೆ ಹೆಪ್ಪು ಬದುಕಿದೆ, ಸುಮ್ನೆ ಇನ್ನೊಂದು ದಿನ ಕಾಯಿರಿ. ತುರಿ ಎಲ್ಲ ತಳದಲ್ಲೇ ಕೂತಿದೆ, ಕಲಕಿದರೂ ಸದ್ದಿಲ್ಲ, ವಾಸನೆಯೂ ಬರೀ ಬೆಲ್ಲದ ನೀರಿನದ್ದು ಅಂದರೆ ಇನ್ನೂ ಶುರುವೇ ಆಗಿಲ್ಲ.

ಆಮೇಲೆ ಚಳಿ, ಸೆಕೆ ನೋಡಿ. ಸಕ್ಕರೆ ತಿಂದು ಗ್ಯಾಸ್ ಮಾಡುವ ಸೂಕ್ಷ್ಮಜೀವಿ ಯೀಸ್ಟ್, ಅದಕ್ಕೆ ಹಿತವಾಗಿರುವುದು 22ರಿಂದ 28 ಡಿಗ್ರಿ. ಡಿಸೆಂಬರ್, ಜನವರಿಯಲ್ಲಿ ಮೈಸೂರಿನ ರಾತ್ರಿ 16-17 ಡಿಗ್ರಿಗೆ ಇಳಿಯುತ್ತದೆ, ಆಗ ನಾಲ್ಕು ದಿನದ ಕೆಲಸಕ್ಕೆ ಎಂಟು ದಿನವೂ ಹಿಡಿಯಬಹುದು. ಇದು ದೋಷವಲ್ಲ. ಜಾಡಿಯನ್ನು ಗ್ರಾನೈಟ್ ಕಟ್ಟೆಯ ಮೇಲಿಂದ ತೆಗೆದು ಒಂದು ಮರದ ಹಲಗೆಯ ಮೇಲೋ, ಮಡಚಿದ ಟವೆಲ್ ಮೇಲೋ ಇಡಿ. ರಾತ್ರಿ ಇಡ್ಲಿ ಹಿಟ್ಟು ಎಲ್ಲಿ ಚೆನ್ನಾಗಿ ಉಬ್ಬುತ್ತದೋ ಅದೇ ಜಾಗ ಹೆಪ್ಪಿಗೂ ಸರಿ. ಬಿಸಿಲಿಗಿಡುವುದು, ಒಲೆ ಪಕ್ಕ ಇಡುವುದು ಬೇಡ.

ಜಾಗ ಸರಿಯಿದ್ದೂ ಏಳಲಿಲ್ಲ ಅಂದರೆ ಶುಂಠಿಯನ್ನು ಅನುಮಾನಿಸಿ. ಹುದುಗಿಸುವ ಯೀಸ್ಟ್ ಇರುವುದು ಶುಂಠಿಯ ಸಿಪ್ಪೆಯ ಮೇಲೆ. ಸಿಪ್ಪೆ ಹೆರೆದು ಹಾಕಿದರೆ ಹೆಪ್ಪು ಏಳುವುದು ಕಷ್ಟ. ನೀರಿನ ಪೈಪ್ ಬಿಟ್ಟು ಜೋರಾಗಿ ತೊಳೆದು, ಬಿಳುಪಾಗಿ ಹೊಳೆಯುವಂತೆ ಮಾಡಿದ ಶುಂಠಿಯಲ್ಲೂ ಅದೇ ಕಥೆ. ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದರೆ ಹೊಳೆಯುವ ರಾಶಿಯನ್ನು ಬಿಟ್ಟು, ಸಂದಿಯಲ್ಲಿ ಒಣಮಣ್ಣು ಇನ್ನೂ ಅಂಟಿರುವ, ಉಗುರಿನಿಂದ ಗೀರಿದರೆ ರಸ ಜಿನುಗುವ ಗಡ್ಡೆ ಆರಿಸಿಕೊಳ್ಳಿ. ಮನೆಗೆ ಬಂದು ಮಣ್ಣು ಹೋಗುವಷ್ಟು ತೊಳೆದರೆ ಸಾಕು, ಬ್ರಷ್ ಹಾಕಿ ಉಜ್ಜಬೇಡಿ. ಮೆತ್ತಗಾದ ಜಾಗ, ನೀಲಿ-ಹಸಿರು ಬೂಷ್ಟು ಇರುವ ತುಂಡು ಪೂರ್ತಿ ಬೇಡ.

ಮೂರನೆಯದು ನೀರು. ಮೈಸೂರಿನಲ್ಲಿ ನಲ್ಲಿಗೆ ಬರುವ ಕಾವೇರಿ, ಕಬಿನಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ನಮ್ಮ ಆರೋಗ್ಯಕ್ಕೆ ಅದು ಬೇಕು, ಆದರೆ ಯೀಸ್ಟನ್ನೂ ಅದು ಬಿಡುವುದಿಲ್ಲ. ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಹದಿನೈದು ನಿಮಿಷ ಕುದಿಸಿ, ಮುಚ್ಚದೆ ಆರಿಸಿ, ಆಮೇಲೆ ಬಳಸಿ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ತಾಪತ್ರಯ ಇಲ್ಲ, ಆದರೆ ಗಡಸಾಗಿದ್ದರೆ ಹುಳಿ ಬರುವುದು ನಿಧಾನ, ರುಚಿಯೂ ಸಪ್ಪೆ. ಹಾಗಿದ್ದಾಗ ನಿಂಬೆರಸ ಸ್ವಲ್ಪ ಜಾಸ್ತಿ ಮಾಡಿ ನೋಡಿ. ಕುಡಿಯಲು ಬಾರದ ನೀರಿನಲ್ಲಿ ಇದನ್ನೂ ಮಾಡಬೇಡಿ, ಹುದುಗಿದ ಮಾತ್ರಕ್ಕೆ ಕೆಟ್ಟ ನೀರು ಒಳ್ಳೆಯದಾಗುವುದಿಲ್ಲ.

ಕೊನೆಗೆ ಬೆಲ್ಲ. ನನ್ನ ಪ್ರಕಾರ ನಮ್ಮ ಕಡೆ ಜನ ಅನುಮಾನವೇ ಪಡದ ಜಾಗ ಇದು. ಆಲೆಮನೆಗಳಲ್ಲಿ ಬೆಲ್ಲ ಹಳದಿಯಾಗಿ ಕಾಣಲಿ ಅಂತ ಹೈಡ್ರೋಸ್ ಹಾಕುವುದುಂಟು. ಅದು ಸೋಡಿಯಂ ಹೈಡ್ರೋಸಲ್ಫೈಟ್, ಬಣ್ಣ ತೆಗೆಯುವ ರಾಸಾಯನಿಕ. ಅದರಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಅಂಶ, ಹಣ್ಣಿನ ರಸ ಕೆಡದಿರಲು ಕಂಪನಿಗಳು ಬಳಸುವ ಜಾತಿಯದ್ದೇ. ಕೆಡದಂತೆ ಕಾಯುವುದು ಅಂದರೆ ಸೂಕ್ಷ್ಮಜೀವಿಗಳನ್ನು ತಡೆಯುವುದು. ನಮ್ಮ ಹೆಪ್ಪಿನಲ್ಲಿ ಬೆಳೆಯಬೇಕಾಗಿರುವುದು ಅವೇ ಅಲ್ವಾ? ಮಂಡ್ಯದಲ್ಲಿ ಬೆಲ್ಲದಂಗಡಿಯವರನ್ನು ನೇರವಾಗಿ ಕೇಳಿ, ಮುಚ್ಚಿಡುವುದಿಲ್ಲ. "ಅಣ್ಣಾ, ಹೈಡ್ರೋಸ್ ಹಾಕದೇ ಇರೋದು ಇದ್ಯಾ?" ಅಂದರೆ ಹಿಂದಿನ ಮೂಟೆಯಿಂದ ಕಂದು ಬಣ್ಣದ ಅಚ್ಚು ತೆಗೆದು, "ಇದ್ ನೋಡಕ್ಕ, ಕಪ್ಗದೆ ಅಂತ ಯಾರೂ ತಗಳಲ್ಲ" ಅನ್ನುತ್ತಾರೆ. ನಮಗೆ ಬೇಕಾದದ್ದು ಅದೇ.

ಬೆಲ್ಲದ್ದೇ ದೋಷವೋ ಅಲ್ಲವೋ ಅಂತ ಎರಡು ಮೂರು ದಿನದಲ್ಲಿ ತಿಳಿಯಬಹುದು. ಏಳದ ಹೆಪ್ಪನ್ನು ಎರಡು ಲೋಟಕ್ಕೆ ಸಮ ಹಂಚಿ, ಎರಡಕ್ಕೂ ಹೊಸ ಶುಂಠಿ ತುರಿ ಹಾಕಿ. ಒಂದಕ್ಕೆ ಬೆಲ್ಲ, ಇನ್ನೊಂದಕ್ಕೆ ಸಕ್ಕರೆ. ಬಟ್ಟೆ ಮುಚ್ಚಿ ಪಕ್ಕಪಕ್ಕ ಇಡಿ. ಅಷ್ಟರಲ್ಲಿ ಸಕ್ಕರೆಯದ್ದು ಮಾತ್ರ ಗುಳ್ಳೆ ಎದ್ದಿದ್ದರೆ ಬೆಲ್ಲ ಬದಲಿಸಿ. ಎರಡೂ ಏಳದಿದ್ದರೆ ಶುಂಠಿ, ನೀರು, ಇಲ್ಲಾ ಹೆಪ್ಪಿನಲ್ಲಿ ಮೊದಲೇ ಸೇರಿದ್ದ ಬೆಲ್ಲ. ಎರಡೂ ಎದ್ದರೆ ಹಳೇ ಶುಂಠಿಯಲ್ಲಿ ಜೀವ ಇರಲಿಲ್ಲ ಅಂತ ಅರ್ಥ. ಇಷ್ಟೆಲ್ಲ ನೋಡಿಯೂ ಎಂಟು ದಿನಕ್ಕೆ ಏಳದ್ದನ್ನು ಗಿಡದ ಬುಡಕ್ಕೆ ಸುರಿದು ಹೊಸದಾಗಿ ಶುರು ಮಾಡಿ.

ಹೆಪ್ಪು ಚೆನ್ನಾಗಿ ಎದ್ದಿತ್ತು, ಆಮೇಲೆ ತಣ್ಣಗಾಯಿತು

ಹಸಿವು. ಹೊರಗಿಟ್ಟ ಹೆಪ್ಪಿಗೆ ದಿನಾ ಬೆಲ್ಲ ಬೇಕು, ಏಪ್ರಿಲ್‌ನಲ್ಲಿ ಒಂದು ದಿನ ತಪ್ಪಿಸಿದರೂ ಗುಳ್ಳೆ ನಿಂತು ಹುಳಿ ಏರುತ್ತದೆ. ಅರ್ಧ ಹೆಪ್ಪು ಚೆಲ್ಲಿ, ಅಷ್ಟೇ ನೀರು ಸೇರಿಸಿ, ಒಂದೂವರೆ ಚಮಚ ಬೆಲ್ಲ, ಒಂದು ಚಮಚ ಶುಂಠಿ ಹಾಕಿದರೆ ಸಾಮಾನ್ಯವಾಗಿ ಒಂದು ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ಊರಿಗೆ ಹೋಗುವಾಗ ಫ್ರಿಜ್‌ನಲ್ಲಿಡಿ, ವಾರಕ್ಕೊಂದು ಸಲ ಒಂದು ಚಮಚ ಬೆಲ್ಲ ಸಾಕು.

ಪಾನೀಯಕ್ಕೆ ಬೆರೆಸಿದ ಮೇಲೆ ತಣ್ಣಗಾದರೆ ಕಾರಣ ಬೇರೆ. ಕುದಿಸಿದ ಬೆಲ್ಲದ ನೀರು ಪೂರ್ತಿ ಆರುವ ಮೊದಲೇ ಹೆಪ್ಪು ಹಾಕಿದರೆ ಯೀಸ್ಟ್ ಸಾಯುತ್ತದೆ. 45-50 ಡಿಗ್ರಿ ದಾಟಿದರೆ ಅದು ಉಳಿಯುವುದು ಕಷ್ಟ. ದೊಡ್ಡ ಪಾತ್ರೆ ಹೊರಗೆ ತಣ್ಣಗಿದ್ದರೂ ನಡುವೆ ಬಿಸಿ ಇರುತ್ತದೆ, ಹಾಗಾಗಿ ಚೆನ್ನಾಗಿ ತೊಳೆದ ಸೌಟಿನಿಂದ ಕಲಕಿ, ಒಂದು ಚಮಚ ಮಣಿಕಟ್ಟಿನ ಮೇಲೆ ಹಾಕಿಕೊಂಡು ನೋಡಿ. ಬಿಸಿ ತಿಳಿಯಲೇಬಾರದು.

ಮೇಲೆ ಬಿಳಿ ಪದರ ಕಟ್ಟಿದೆ

ಇಲ್ಲಿ ಅವಸರ ಬೇಡ, ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ತೆಳ್ಳಗೆ, ಚಪ್ಪಟೆಯಾಗಿ, ಕಾದು ಆರಿದ ಹಾಲಿನ ಕೆನೆಯಂತೆ ಸುಕ್ಕುಸುಕ್ಕಾಗಿದ್ದು ಬೆಳ್ಳಗೆ ಮಾತ್ರ ಇದ್ದರೆ ಅದು ಗಾಳಿಯಲ್ಲಿ ಬೆಳೆಯುವ ಒಂದು ಜಾತಿ ಯೀಸ್ಟ್. ಅದರಿಂದ ಅಪಾಯವಿಲ್ಲ, ರುಚಿ ಮಾತ್ರ ಕೆಡುತ್ತದೆ. ಚಮಚದಿಂದ ತೆಗೆದು ಎಸೆಯಿರಿ, ಬೆಲ್ಲ ಹಾಕಿ, ದಿನಕ್ಕೆರಡು ಸಲ ಕಲಕಿ. ಮತ್ತೆ ಮತ್ತೆ ಬಂದರೆ ಹೆಪ್ಪು ಬದಲಿಸುವುದೇ ಒಳ್ಳೆಯದು.

ರೋಮ ರೋಮ ಎದ್ದಿದ್ದರೆ, ಅಥವಾ ಹಸಿರು, ಕಪ್ಪು, ಗುಲಾಬಿ ಚುಕ್ಕೆ ಒಂದೇ ಒಂದು ಕಂಡರೂ ಅದು ಬೂಷ್ಟು. ಪೂರ್ತಿ ಚೆಲ್ಲಿ. "ಮೇಲಿನದ್ದು ತೆಗೆದರೆ ಆಯ್ತು, ಕೆಳಗೆ ಚೆನ್ನಾಗಿದೆ" ಅನ್ನುವವರ ಮಾತು ಕೇಳಬೇಡಿ. ಬೂಷ್ಟಿನ ಎಳೆ ಕಣ್ಣಿಗೆ ಕಾಣದಷ್ಟು ಒಳಗೆ ಇಳಿದಿರುತ್ತದೆ, ಕೆಲವು ಬೂಷ್ಟಿನ ವಿಷ ಕುದಿಸಿದರೂ ಹೋಗುವುದಿಲ್ಲ. ಮಳೆಗಾಲದಲ್ಲಿ ಈ ಕಾಟ ಜಾಸ್ತಿ. ತುರಿ ನೀರಿನ ಮೇಲೆ ಒಣಗಿ ನಿಲ್ಲದಂತೆ ಬೆಳಿಗ್ಗೆ, ಸಂಜೆ ಕಲಕುವುದೇ ಇದಕ್ಕೆ ಒಳ್ಳೆಯ ತಡೆ.

ಹೆಪ್ಪು ಲೋಳೆ ಲೋಳೆಯಾಗಿದೆ

ಚಮಚ ಎತ್ತಿದರೆ ಬೆಂಡೆಕಾಯಿ ಲೋಳೆಯಂತೆ ಎಳೆ ಬರುತ್ತದೆ. ಕಬ್ಬಿನ ಸಕ್ಕರೆ ತಿಂದು ಅಂಟು ಮಾಡುವ ಬ್ಯಾಕ್ಟೀರಿಯಾ ಇದೆ, ಅದರ ಕೆಲಸ ಇದು. ಕಬ್ಬಿನ ಹಾಲು ಹೊತ್ತು ಕಳೆದರೆ ಅಂಟಾಗುವುದೂ ಇದರಿಂದಲೇ. ಸಾಮಾನ್ಯವಾಗಿ ಅಪಾಯಕಾರಿಯಲ್ಲ, ಆದರೆ ಆ ಪಾನೀಯ ಬಾಯಿಗೆ ಹಿತವಲ್ಲ. ಮುಂದಿನ ಸಲ ಬೆಲ್ಲವನ್ನು ಪುಡಿಯಾಗಿ ಹಾಕದೆ, ಕುದಿಸಿ ಬಟ್ಟೆಯಲ್ಲಿ ಸೋಸಿ ಆರಿಸಿದ ಪಾಕವಾಗಿ ಹಾಕಿ. ಬೆಲ್ಲದಲ್ಲಿ ಬರುವ ಮಣ್ಣು, ಕಬ್ಬಿನ ಸಿಪ್ಪೆ ಕೂಡ ಆಗಲೇ ಹೋಗುತ್ತದೆ.

ಏನೋ ವಾಸನೆ

ಕೊಳೆತ ಮೊಟ್ಟೆಯ ವಾಸನೆ ಬಂದರೆ ಯೀಸ್ಟ್ ಕಷ್ಟದಲ್ಲಿದೆ ಅಂತ ಅರ್ಥ, ಅಥವಾ ಗಂಧಕ ಇರುವ ಬೆಲ್ಲ. ಹೆಪ್ಪನ್ನು ಚೆನ್ನಾಗಿ ಕಲಕಿ ಬಟ್ಟೆ ಮಾತ್ರ ಮುಚ್ಚಿಡಿ, ಒಂದೆರಡು ದಿನದಲ್ಲಿ ಹೋಗುತ್ತದೆ. ಹೋಗದಿದ್ದರೆ ಚೆಲ್ಲಿ.

ಉಗುರು ಬಣ್ಣ ಅಳಿಸುವ ದ್ರವದ ವಾಸನೆ ಸೆಕೆಯ ಗುರುತು. ಏಪ್ರಿಲ್‌ನಲ್ಲಿ ಹೊರಗೆ 34-35 ಡಿಗ್ರಿ ಇದ್ದಾಗ ತಾರಸಿ ಕೆಳಗಿನ ಅಡುಗೆಮನೆ ಇನ್ನೂ ಕಾದಿರುತ್ತದೆ. ಜಾಡಿಯನ್ನು ತಣ್ಣೀರಿನ ಬೋಗುಣಿಯಲ್ಲಿ ಕೂರಿಸಿ, ಸುತ್ತ ಒದ್ದೆ ಬಟ್ಟೆ ಕಟ್ಟಿ, ಮನೆಯ ತಂಪು ಮೂಲೆಯಲ್ಲಿಡಿ. ಮಣ್ಣಿನ ಮಡಕೆಯ ಪಕ್ಕ ಆದರೂ ಸರಿ.

ವಿನೆಗರ್ ವಾಸನೆಗೆ ಕಾರಣ ಗಾಳಿ ಮತ್ತು ಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣ. ಮಾವಿನ ಕಾಲದಲ್ಲಿ ಜಾಡಿಯ ಬಾಯಿಗೆ ಜಾಳು ಬಟ್ಟೆ ಸಾಲದು, ಒತ್ತಾದ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ವಿನೆಗರ್ ಆದದ್ದು ವಾಪಸ್ ಬರುವುದಿಲ್ಲ. ಕೊಳೆತ ಮಾಂಸದ, ಚರಂಡಿಯ ವಾಸನೆ ಬಂದರೆ ರುಚಿ ನೋಡಲೂ ಹೋಗಬೇಡಿ.

ಬಾಟಲಿಯಲ್ಲಿ ಗ್ಯಾಸ್ ಇಲ್ಲ, ಬರೀ ಸಿಹಿ ನೀರು

ಮುಚ್ಚಳ ಮೊದಲು. ಬಾಟಲಿಯನ್ನು ಸಿಂಕ್ ಮೇಲೆ ತಲೆಕೆಳಗೆ ಮಾಡಿ ಹಿಸುಕಿ, ತೇವ ಬಂದರೆ ಮುಚ್ಚಳ ಬದಲಿಸಿ. ಬಿಸ್ಲೇರಿಯಂಥ ಕುಡಿಯುವ ನೀರಿನ ತೆಳು ಬಾಟಲಿ ಈ ಕೆಲಸಕ್ಕೆ ಅಲ್ಲ, ಅದು ಗ್ಯಾಸ್ ತಡೆಯಲು ಮಾಡಿದ್ದಲ್ಲ. ಸೋಡಾ, ಕೋಲಾ ಬಂದ ಬಾಟಲಿಯೇ ಆಗಬೇಕು.

ಮುಚ್ಚಳ ಸರಿ ಇದ್ದರೆ ಇನ್ನೊಂದು ದಿನ ಬಿಡಿ. ಆಗಲೂ ಹಿಸುಕಿದರೆ ಮೊದಲ ದಿನದಷ್ಟೇ ಮೆತ್ತಗಿದೆಯಾ? ಹೆಪ್ಪು ಹಾಕಿದ ದಿನ ಅದರಲ್ಲಿ ಗುಳ್ಳೆ ಇತ್ತಾ ಅಂತ ನೆನಪು ಮಾಡಿಕೊಳ್ಳಿ. ಸದ್ದಿಲ್ಲದ ಹೆಪ್ಪಿನಿಂದ ಸದ್ದು ಮಾಡುವ ಬಾಟಲಿ ಬರುವುದಿಲ್ಲ. ಚೆಲ್ಲಬೇಕಾಗಿಲ್ಲ, ಗ್ಯಾಸ್ ಇಲ್ಲದೆ, ಕೆಟ್ಟ ವಾಸನೆಯೂ ಇಲ್ಲದೆ ಒಂದೆರಡು ದಿನದ್ದೇ ಆಗಿದ್ದರೆ ಪಾತ್ರೆಗೆ ಸುರಿದು ಒಂದು ಕುದಿ ಬರಿಸಿ, ಪೂರ್ತಿ ಆರಿಸಿ, ಜೋರಾಗಿ ಎದ್ದಿರುವ ಹೆಪ್ಪು ಬೆರೆಸಿ ಮತ್ತೆ ತುಂಬಿ.

ಬಾಟಲಿ ಕಲ್ಲಿನ ಹಾಗೆ ಗಟ್ಟಿಯಾಗಿದೆ, ತೆರೆದರೆ ಸೂರಿಗೆ ಚಿಮ್ಮುತ್ತದೆ

ಇದೊಂದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇರೆ ತಪ್ಪಿನಿಂದ ಹಾಳಾಗುವುದು ಬೆಲ್ಲ, ಶುಂಠಿ. ಇದರಿಂದ ಹೋಗುವುದು ಕಣ್ಣು.

ಲೆಕ್ಕ ನೋಡಿ. ಲೀಟರಿಗೆ 90 ಗ್ರಾಂ ಬೆಲ್ಲ ಅಂದರೆ ಸುಮಾರು 80 ಗ್ರಾಂ ಸಕ್ಕರೆ. ಯೀಸ್ಟ್ ತಿಂದ ಸಕ್ಕರೆಯಲ್ಲಿ ಸರಿಸುಮಾರು ಅರ್ಧ ತೂಕ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಇನ್ನರ್ಧ ಆಲ್ಕೋಹಾಲ್. ಅಂಗಡಿಯ ಕೋಲಾದಲ್ಲಿ ಲೀಟರಿಗೆ 7-8 ಗ್ರಾಂ ಗ್ಯಾಸ್ ಇರುತ್ತದೆ. ನಮ್ಮ ಬಾಟಲಿಯಲ್ಲಿ ಲೀಟರಿಗೆ ಬರೀ 15 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಅಷ್ಟು ಗ್ಯಾಸ್ ಬಂದಾಯಿತು, ಇನ್ನೂ 65 ಗ್ರಾಂ ಸಕ್ಕರೆ ಬಾಕಿ ಇದೆ. ಹೊರಗೇ ಬಿಟ್ಟರೆ ಅದು ನಿಲ್ಲುವುದಿಲ್ಲ. ಬಾಟಲಿ ಎಷ್ಟು ತಡೆಯುತ್ತದೆ ಅನ್ನುವುದಷ್ಟೇ ಉಳಿಯುವ ಪ್ರಶ್ನೆ.

ಅದಕ್ಕೇ ಗಾಜು ಬೇಡ ಅನ್ನುವುದು. ಜ್ಯೂಸ್ ಬಾಟಲಿ, ಸಾಸ್ ಬಾಟಲಿ, ಜೇನಿನ ಬಾಟಲಿ, ಚೌಕಾಕಾರದ ಚೆಂದದ ಬಾಟಲಿ ಇವು ಯಾವುವೂ ಒತ್ತಡಕ್ಕೆ ಮಾಡಿದ್ದಲ್ಲ. ಗೋಲಿ ಸೋಡಾ ಬಾಟಲಿ ದಪ್ಪ, ನಿಜ, ಆದರೆ ಅಲ್ಲಿ ಅಳೆದು ತುಂಬಿದ ಗ್ಯಾಸ್ ಇರುತ್ತದೆ, ಇಲ್ಲಿ ಬೆಳೆಯುತ್ತಾ ಹೋಗುವ ಗ್ಯಾಸ್. ಪ್ಲಾಸ್ಟಿಕ್ ಸೋಡಾ ಬಾಟಲಿಯ ದೊಡ್ಡ ಗುಣ ಅಂದರೆ ಅದು ಮೊದಲೇ ತಿಳಿಸುತ್ತದೆ. ತುಂಬುವಾಗ ಸ್ವಲ್ಪ ಹಿಸುಕಿ ಗಾಳಿ ತೆಗೆದು ಮುಚ್ಚಿ, ಹೊಟ್ಟೆ ಒಳಗೆ ಹೋಗಿರುತ್ತದೆ. ಅದು ತುಂಬಿಕೊಂಡು, ಹೆಬ್ಬೆರಳಿನಿಂದ ಒತ್ತಿದರೆ ಇನ್ನೂ ಕೊಂಚ ತಗ್ಗುವ ಹಂತದಲ್ಲೇ ಫ್ರಿಜ್‌ಗೆ ಹೋಗಬೇಕು. ಒತ್ತಿದರೆ ತಗ್ಗುವುದೇ ಇಲ್ಲ ಅಂದರೆ ತಡವಾಯಿತು. ಬೇಸಿಗೆಯಲ್ಲಿ ಬೆಳಿಗ್ಗೆ ಮೆತ್ತಗಿದ್ದದ್ದು ಸಂಜೆಗೆ ಗಟ್ಟಿಯಾಗುವುದುಂಟು, ಹಾಗಾಗಿ ದಿನಕ್ಕೆ ಮೂರು ಸಲ ಒತ್ತಿ ನೋಡಿ.

ಗಟ್ಟಿಯಾಗಿಬಿಟ್ಟ ಪ್ಲಾಸ್ಟಿಕ್ ಬಾಟಲಿಯನ್ನು ಅಲ್ಲಾಡಿಸಬೇಡಿ. ದಪ್ಪ ಟವೆಲ್ ಸುತ್ತಿ ಫ್ರಿಜ್‌ನಲ್ಲಿ ಒಂದು ದಿನ ಪೂರ್ತಿ ಇಡಿ, ತಂಪಾದಾಗ ಗ್ಯಾಸ್ ನೀರಿನಲ್ಲಿ ಕರಗಿ ಒತ್ತಡ ಇಳಿಯುತ್ತದೆ. ಆಮೇಲೆ ಸಿಂಕ್‌ನಲ್ಲಿ, ಮುಖ ದೂರ ಇಟ್ಟು, ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿ, ಸುಯ್ ಅಂದಾಗ ಮತ್ತೆ ಬಿಗಿ ಮಾಡಿ, ನೊರೆ ಇಳಿದ ಮೇಲೆ ಮತ್ತೆ ಸ್ವಲ್ಪ. ಐದಾರು ಸಲ ಹೀಗೆ. ತಳ ಉಬ್ಬಿ ಬಾಟಲಿ ನೆಟ್ಟಗೆ ನಿಲ್ಲದೆ ಹೊರಳುತ್ತಿದ್ದರೆ, ಅದನ್ನು ಖಾಲಿ ಮಾಡಿದ ಮೇಲೆ ಮತ್ತೆ ಬಳಸಬೇಡಿ.

ಯಾರೋ ಗಾಜಿನ ಬಾಟಲಿಯಲ್ಲಿ ತುಂಬಿ ಅಟ್ಟದ ಮೇಲೆ ಮರೆತಿದ್ದಾರೆ ಅಂದುಕೊಳ್ಳಿ. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು, ನಾಯಿ ಬೆಕ್ಕನ್ನು ಆ ಕೋಣೆಯಿಂದ ಹೊರಗೆ ಕಳಿಸಿ. ರಾತ್ರಿ ಇಲ್ಲಾ ಮುಂಜಾನೆ ತಂಪಾಗುವವರೆಗೆ ಕಾಯಿರಿ. ಕಣ್ಣಿಗೆ ಗಟ್ಟಿ ಕನ್ನಡಕ, ಮುಖ ಮುಚ್ಚುವ ಹೆಲ್ಮೆಟ್ ಇದ್ದರೆ ಅದು, ದಪ್ಪ ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡು ಮೊದಲು ನೆನೆಸಿದ ಗೋಣಿಚೀಲವನ್ನು ಅದರ ಮೇಲೆ ಹೊದಿಸಿ, ಅರ್ಧ ಗಂಟೆ ಬಿಡಿ. ಆಮೇಲೂ ಅದನ್ನು ಗೋಣಿಚೀಲದ ಒಳಗೇ ಇಟ್ಟುಕೊಂಡು ನಿಧಾನವಾಗಿ ಇಳಿಸಿ, ಐಸ್ ನೀರಿನ ಬಕೆಟ್‌ನಲ್ಲಿ ತುಂಬಾ ಹೊತ್ತು ತಂಪಾಗಲು ಬಿಟ್ಟು, ಚೀಲದ ಮೇಲಿಂದಲೇ ಮುಚ್ಚಳ ಸಡಿಲಿಸಿ. ಬಾಟಲಿಯಲ್ಲಿ ಬಿರುಕು ಕಂಡರೆ, ಕೈ ನಡುಗುತ್ತಿದ್ದರೆ ಆ ಕೆಲಸ ನೀವು ಮಾಡಬೇಡಿ. ಕೋಣೆಯ ಬಾಗಿಲು ಹಾಕಿ ಬಿಟ್ಟುಬಿಡಿ. ಒಳಗೆ ಒಡೆದರೂ ಗಾಜು ಗುಡಿಸಬಹುದು.

ಕರೆಂಟ್ ಹೋದಾಗಲೂ ಇದನ್ನು ನೆನಪಿಡಿ. ಫ್ರಿಜ್ ನಿಂತು ನಾಲ್ಕೈದು ಗಂಟೆ ಕಳೆದರೆ ಒಳಗಿನ ಬಾಟಲಿಗಳು ಮತ್ತೆ ಕೆಲಸ ಶುರು ಮಾಡುತ್ತವೆ. ದಸರಾ ರಜೆಗೆ ಮನೆ ಬೀಗ ಹಾಕಿ ಹೊರಡುವವರು ಬಾಟಲಿ ಖಾಲಿ ಮಾಡಿಯೇ ಹೊರಡಿ.

ಕುಡಿದ ಮೇಲೆ ತಲೆ ಹಗುರ ಅನ್ನಿಸಿತು

ಆಲ್ಕೋಹಾಲ್ ಜಾಸ್ತಿಯಾಗಿದೆ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ಕೋಲಾದಷ್ಟು ಗ್ಯಾಸ್ ಬರುವ ಹೊತ್ತಿಗೆ ಆಲ್ಕೋಹಾಲ್ 1% ಹತ್ತಿರ ಬಂದಿರುತ್ತದೆ. ಎಲ್ಲ ಸಕ್ಕರೆಯನ್ನೂ ಯೀಸ್ಟ್ ತಿಂದರೆ 5%, ಅದು ಅಂಗಡಿಯ ಬಿಯರ್ ಮಟ್ಟ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ 0.5% ದಾಟಿದ್ದನ್ನು ಆಲ್ಕೋಹಾಲ್ ಪಾನೀಯ ಅಂತಲೇ ಕರೆಯುತ್ತಾರೆ. ಆ ಗೆರೆಯ ಒಳಗೆ ಇರಬೇಕಾದರೆ ನಾಲಿಗೆಗೆ ಚುರುಕಾಗಿ ತಾಗುವ ತೆಳು ಗ್ಯಾಸಿಗೆ ತೃಪ್ತಿಪಡಬೇಕು. ಜೋರು ಗ್ಯಾಸ್ ಬೇಕೇ ಬೇಕು ಅನ್ನುವವರು ಕುಡಿಯುವಾಗ ಅರ್ಧ ಲೋಟ ಸೋಡಾ ಬೆರೆಸಿಕೊಳ್ಳಿ, ನನಗೆ ಅದೇ ಹೆಚ್ಚು ಹಿಡಿಸುತ್ತದೆ.

ಅಳೆಯಲು ದುಬಾರಿ ಉಪಕರಣ ಬೇಡ. ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ನೋಡಿರುವ, ಹಾಲಿನಲ್ಲಿ ತೇಲಿಬಿಟ್ಟು ಅದರ ಸಾಂದ್ರತೆ ನೋಡುವ ಲ್ಯಾಕ್ಟೋಮೀಟರ್ ಸಾಕು, ಅಂಕಿ ಬರೆದಿರುವಂಥದ್ದು. ನಮ್ಮ ಬೆಲ್ಲದ ನೀರಿನ ಸಾಂದ್ರತೆ ಹೆಚ್ಚುಕಮ್ಮಿ ಹಾಲಿನಷ್ಟೇ, ಹಾಗಾಗಿ ಹೆಪ್ಪು ಬೆರೆಸಿದ ದಿನ ಅದು 30ರ ಆಸುಪಾಸು ನಿಲ್ಲುತ್ತದೆ. ಅಂಕಿ ಬರೆದಿಟ್ಟುಕೊಳ್ಳಿ. ಮಾರನೆಯ ದಿನ ಒಂದು ಬಾಟಲಿಯಿಂದ ಒಂದು ಲೋಟ ತೆಗೆದು, ಎರಡು ಲೋಟದ ನಡುವೆ ಕಾಫಿ ಆರಿಸುವಂತೆ ಎತ್ತಿ ಸುರಿದು ಗ್ಯಾಸ್ ಪೂರ್ತಿ ಬಿಡಿಸಿ. ಗುಳ್ಳೆ ಅಂಟಿಕೊಂಡರೆ ಮೀಟರ್ ಮೇಲೆದ್ದು ಸುಳ್ಳು ಹೇಳುತ್ತದೆ. ಎರಡು ದಿನವೂ ನೀರಿನ ಬಿಸಿ ಒಂದೇ ಆಗಿರಲಿ. ಅಂಕಿ 4 ಇಳಿದಿದ್ದರೆ ಹೊಸದಾಗಿ ಹುಟ್ಟಿದ ಆಲ್ಕೋಹಾಲ್ ಸುಮಾರು 0.5%, 8 ಇಳಿದಿದ್ದರೆ 1%. ಹೆಪ್ಪಿನ ಜೊತೆ ಬಂದದ್ದೂ ಚೂರು ಇರುತ್ತದೆ, ಆದ್ದರಿಂದ 3 ಇಳಿದ ಕೂಡಲೇ ಎಲ್ಲ ಬಾಟಲಿ ಫ್ರಿಜ್‌ಗೆ.

ಮಕ್ಕಳು, ಬಸುರಿ ಹೆಂಗಸರು, ಲಿವರ್ ತೊಂದರೆ ಇರುವವರು ಇದನ್ನು ಕುಡಿಯುವುದು ಬೇಡ. ಆಲ್ಕೋಹಾಲ್ ಜೊತೆ ಸೇರದ ಔಷಧಿಗಳಿವೆ, ಶುಂಠಿ ಜಾಸ್ತಿಯಾದರೆ ರಕ್ತ ತೆಳುವಾಗಿಸುವ ಮಾತ್ರೆಯ ಕೆಲಸವೂ ಏರುಪೇರಾಗಬಹುದು, ಹಾಗಾಗಿ ದಿನಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಕುಡಿಯಲಿ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲದ ಲೆಕ್ಕ ಮೇಲೆ ಕೊಟ್ಟಿದೆ, ಬಹುಪಾಲು ಹಾಗೇ ಉಳಿದಿರುತ್ತದೆ. ಹುದುಗಿದ್ದನ್ನು ಕಾಯಿಸಿ ಭಟ್ಟಿ ಇಳಿಸುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ನಿಲ್ಲಿಸಿ. ಅದು ಅಪರಾಧ, ಬೆಂಕಿಯ ಅಪಾಯ ಬೇರೆ.

ಕಹಿ, ಉಪ್ಪು, ಅತಿ ಹುಳಿ

ಕಹಿಗೆ ನಿಂಬೆ ಬೀಜ, ಇಲ್ಲಾ ಸಿಪ್ಪೆಯ ಒಳಗಿನ ಬಿಳಿ ಭಾಗ ಸೇರಿದ್ದು ಕಾರಣ. ಉಪ್ಪುಪ್ಪು ಅನ್ನಿಸಿದರೆ ಬೆಲ್ಲವನ್ನೇ ಬರೀ ಬಾಯಲ್ಲಿ ತಿಂದು ನೋಡಿ, ಚೌಳು ಭೂಮಿಯ ಕಬ್ಬಿನ ಬೆಲ್ಲಕ್ಕೆ ಆ ರುಚಿ ಇರುತ್ತದೆ. ಗಂಟಲು ಸುಡುವ ಖಾರ ಬಲಿತ ಹಳೇ ಶುಂಠಿಯದ್ದು, 50 ಗ್ರಾಂ ಬದಲು 30 ಹಾಕಿ. ಹುಳಿ ಏರಿದ್ದಕ್ಕೆ ಹೆಪ್ಪು ಹಳಸಿದ್ದು ಇಲ್ಲಾ ಸೆಕೆ ಕಾರಣ, ಪರಿಹಾರ ಮೇಲೆ ಹೇಳಿದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುದುಗಿಸಿದ್ದರೆ, ಲೋಹದ ರುಚಿ ಬಂದಿದ್ದರೆ ಕುಡಿಯದೆ ಚೆಲ್ಲಿ. ಹುಳಿ ಪದಾರ್ಥ ಲೋಹವನ್ನು ಎಳೆದುಕೊಳ್ಳುತ್ತದೆ. ಬಟ್ಟೆ ಮುಚ್ಚಿಡುವ ಹೆಪ್ಪಿನ ಜಾಡಿಗೆ ಗಾಜು ಇಲ್ಲಾ ಒಳ್ಳೆಯ ಸ್ಟೀಲ್ ಮಾತ್ರ, ಪಾನೀಯ ತುಂಬಿ ಮುಚ್ಚುವುದಕ್ಕೆ ಪ್ಲಾಸ್ಟಿಕ್ ಸೋಡಾ ಬಾಟಲಿಯೇ.

ಯಾವಾಗ ಡಾಕ್ಟರ್ ಹತ್ತಿರ ಓಡಬೇಕು

ಗಾಜಿನ ಚೂರು ಕಣ್ಣಿಗೆ ಹೋದರೆ ಉಜ್ಜಬೇಡಿ, ತೆಗೆಯಲು ಹೋಗಬೇಡಿ, ಕಣ್ಣನ್ನು ಒತ್ತದಂತೆ ಒಂದು ಪೇಪರ್ ಲೋಟ ಮುಚ್ಚಿ ಹಿಡಿದುಕೊಂಡು ನೇರ ಆಸ್ಪತ್ರೆಗೆ. ರಕ್ತ ನಿಲ್ಲದಿದ್ದರೆ ಬಟ್ಟೆ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ಕುಡಿದ ಮೇಲೆ ಬಿಡದೆ ವಾಂತಿ, ರಕ್ತ ಬೆರೆತ ಭೇದಿ, ಜ್ವರ, ಕಣ್ಣು ಮಂಜು, ವಿಪರೀತ ಮಂಪರು ಯಾವುದೇ ಆದರೂ ಕಾಯಬೇಡಿ. ಹೋಗುವಾಗ ಉಳಿದ ಪಾನೀಯವನ್ನು ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಹಾಕಿಕೊಂಡು ಹೋಗಿ, ಏನು ಹಾಕಿ ಮಾಡಿದ್ದು, ಎಷ್ಟು ದಿನದ್ದು ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಮುಜುಗರಕ್ಕೆ ಮುಚ್ಚಿಟ್ಟರೆ ಡಾಕ್ಟರಿಗೆ ಕಷ್ಟ.

ಕೆಟ್ಟದ್ದನ್ನು ಚೆಲ್ಲಿದ ಮೇಲೆ ಜಾಡಿಯನ್ನು ಸೋಪಿನಿಂದ ತೊಳೆದು, ಮೊದಲು ಬೆಚ್ಚಗಿನ, ಆಮೇಲೆ ಬಿಸಿನೀರು ಹಾಕಿ, ಒಂದೇ ಸಲ ಕುದಿಯುವ ನೀರು ಸುರಿದರೆ ಗಾಜು ಬಿರುಕು ಬಿಡುತ್ತದೆ. ಬಿಸಿಲಿನಲ್ಲಿ ಒಣಗಿಸಿ. ಬಟ್ಟೆ, ರಬ್ಬರ್ ಬ್ಯಾಂಡ್ ಹೊಸದು ಇರಲಿ, ಚಮಚ ಕುದಿಸಿ. ಬೂಷ್ಟು ಬಂದಿದ್ದ ಹೆಪ್ಪಿನಿಂದ ಒಂದು ಚಮಚವನ್ನೂ ಹೊಸದಕ್ಕೆ ಸೇರಿಸಬೇಡಿ.